ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು

ಅಮೆರಿಕದಲ್ಲಿ ಹಳೆಯ ಲಾನ್ ಟ್ರ್ಯಾಕ್ಟರ್, ಅಂದರೆ ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಗಾಡಿ, ಮಾರುವವರು ಜಾಹೀರಾತಿನಲ್ಲಿ ತಪ್ಪದೆ ಒಂದು ಸಾಲು ಬರೆಯುತ್ತಾರೆ: ‘ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು.’ ಸುಳ್ಳೇನಲ್ಲ. ನಿಲ್ಲಿಸಿದ್ದು ಯಾವ ವರ್ಷ ಅಂತ ಮಾತ್ರ ಹೇಳಿರುವುದಿಲ್ಲ. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಅರ್ಧ ಎಕರೆ ಹುಲ್ಲಿನ ಸಮೇತ ಮನೆ ಕೊಂಡ ನಮ್ಮವರು, ಹೊಸದಕ್ಕೆ ಸಾವಿರಗಟ್ಟಲೆ ಡಾಲರ್ ಯಾಕೆ ಸುರಿಯಬೇಕು ಅಂತ ಅದನ್ನು ತಂದು ಗರಾಜಿನಲ್ಲಿ ಇಳಿಸಿಕೊಳ್ಳುತ್ತಾರೆ. ಅಂದಿನಿಂದ ಕಾರಿಗೆ ಬೀದಿಯೇ ಗತಿ.

ಊರಿನಿಂದ ತಂದ ಸ್ಪ್ಯಾನರ್ ಸೆಟ್ ಮೊದಲ ದಿನವೇ ಕೈಕೊಡುತ್ತದೆ. ಈ ಯಂತ್ರಗಳ ಬೋಲ್ಟುಗಳು ಬಹುತೇಕ ಇಂಚಿನ ಲೆಕ್ಕದವು. ಅರ್ಧ ಇಂಚಿನದಕ್ಕೆ 13 ಮಿಲಿಮೀಟರಿನ ಸ್ಪ್ಯಾನರ್ ಸಡಿಲವಾಗಿ ಕೂತು, ಜೋರು ಹಾಕಿದೊಡನೆ ಮೂಲೆ ಸವೆಸುತ್ತದೆ. 9/16ಕ್ಕೆ 14 ಇಳಿಯುವುದಿಲ್ಲ, 15 ಸುಮ್ಮನೆ ಸುತ್ತುತ್ತದೆ. 5/8ಕ್ಕೆ 16 ಕೂರುತ್ತದೆ, ಸಂತೋಷ ಅಷ್ಟಕ್ಕೇ.

ಕೀಲಿ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ಬಂದು, ‘ಉಂಹೂಂ’ ಎಂದು ನಿಲ್ಲುತ್ತದೆ. ಎಲ್ಲರೂ ಮೊದಲು ಹೊಸ ಬ್ಯಾಟರಿ ತರುತ್ತಾರೆ. ಉಂಹೂಂ. ಆಮೇಲೆ ಸ್ಟಾರ್ಟರಿಗೆ ಕರೆಂಟ್ ಹರಿಸುವ ಸೊಲೆನಾಯ್ಡ್, ಆಮೇಲೆ ಸ್ಟಾರ್ಟರ್ ಮೋಟಾರ್. ಗಾಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಅಂಗಡಿಗೆ ಹೋದರೂ ಉಂಹೂಂ ತಪ್ಪುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ಕಾಸು ಖರ್ಚಿಲ್ಲದೆ ನೋಡಬಹುದಾದ್ದನ್ನು ಮೊದಲು ನೋಡಬೇಕು. ಮೀಟರ್ ಇಟ್ಟಾಗ ಬ್ಯಾಟರಿ 12.6 ವೋಲ್ಟ್ ತೋರಿಸಿ, ನೆಗೆಟಿವ್ ವೈರು ಚಾಸಿಗೆ ಸೇರುವ ಜಾಗದಲ್ಲಿ ತುಕ್ಕಿಲ್ಲದಿದ್ದರೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ವೈರನ್ನು ದೂರ ಸರಿಸಿ ಮತ್ತೆ ಕೀಲಿ ತಿರುಗಿಸಿ. ಪ್ಲಗ್ ಇಲ್ಲದಾಗ ಎಂಜಿನ್ ಸರಾಗವಾಗಿ ಗಿರಗಿರ ತಿರುಗಿದರೆ ಬ್ಯಾಟರಿ, ಸ್ಟಾರ್ಟರ್ ಎರಡೂ ನಿರಪರಾಧಿಗಳು. ತಪ್ಪಿತಸ್ಥ ವಾಲ್ವ್ ಕವರಿನ ಕೆಳಗೆ ಕೂತಿದ್ದಾನೆ.

ಎಂಜಿನ್ ಕಂಪನಿ ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಒಂದೇ ಸಿಲಿಂಡರಿನ ಇಂಟೆಕ್ ಎಂಜಿನ್ನುಗಳಿಗೆ ಇದು ಹೆಸರುವಾಸಿ ಕಾಯಿಲೆ. ಸ್ಟಾರ್ಟರಿಗೆ ಭಾರವಾಗದಿರಲಿ ಅಂತ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಒಂದು ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಸಿಲಿಂಡರಿನ ಒತ್ತಡ ಬಿಡುತ್ತದೆ. ವರ್ಷಗಳ ಸವೆತದಿಂದ ವಾಲ್ವನ್ನು ಒತ್ತುವ ರಾಕರ್ ಮತ್ತು ವಾಲ್ವಿನ ನಡುವಿನ ಸಂದು ಹೆಚ್ಚಾದರೆ ಆ ಉಬ್ಬು ಎತ್ತಿದ್ದೆಲ್ಲ ಸಂದಿನಲ್ಲೇ ಕಳೆದುಹೋಗುತ್ತದೆ. ಒತ್ತಡ ಪೂರ್ತಿ ಉಳಿಯುತ್ತದೆ, ಸ್ಟಾರ್ಟರ್ ಮುಗ್ಗರಿಸುತ್ತದೆ.

ಮದ್ದು ಸುಲಭ. ಪ್ಲಗ್ ತೂತಿನಲ್ಲಿ ಒಂದು ಸ್ಟ್ರಾ ಇಳಿಬಿಟ್ಟು ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ತಿರುಗಿಸಿ. ಗಾಳಿಯನ್ನು ಒತ್ತುತ್ತ ಮೇಲೇರುವ ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿ ಮುಟ್ಟಿ, ಕಾಲು ಇಂಚು ಕೆಳಗಿಳಿದಾಗ ನಿಲ್ಲಿಸಿ. ವಾಲ್ವ್ ಕವರ್ ಬಿಚ್ಚಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜನ್ನು ರಾಕರಿನ ಸಂದಿಗೆ ತೂರಿಸಿ, ಇನ್‌ಟೇಕ್ ಸಂದನ್ನು 0.003ರಿಂದ 0.005 ಇಂಚಿಗೆ, ಎಕ್ಸಾಸ್ಟನ್ನು 0.005ರಿಂದ 0.007 ಇಂಚಿಗೆ ತನ್ನಿ. ಇಂಟೆಕ್‌ಗಳಲ್ಲಿ ಸಾಮಾನ್ಯವಾಗಿ ಇಷ್ಟೇ. ಆದರೂ ತಗಡಿನ ಮೇಲೆ ಒತ್ತಿರುವ ಮಾಡೆಲ್ ನಂಬರ್ ಹಿಡಿದು ಕೈಪಿಡಿ ನೋಡಿಕೊಳ್ಳಿ. ರಾಕರಿನ ನಟ್ಟು ಹಿಡಿದುಕೊಂಡು ನಡುವಿನ ಲಾಕ್ ಸ್ಕ್ರೂ ಬಿಗಿಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು, ಯಾಕೆಂದರೆ ಬಿಗಿಮಾಡುವಾಗಲೇ ಅಳತೆ ಜಾರುತ್ತದೆ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಕಾರ್ಬೊರೇಟರಿನ ಸರದಿ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಂಡು ಬಟ್ಟಲಿನಲ್ಲಿ ಕೂತು, ಒಂದು ಚಳಿಗಾಲ ಕಳೆಯುವುದರೊಳಗೆ ಹಸಿರು ಪಾಚಿಯಂಥ ಕಿಲುಬನ್ನೂ ಅಂಟನ್ನೂ ತಯಾರಿಸಿಟ್ಟಿರುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಕ್ಲೀನರ್ ಸ್ಪ್ರೇಯಿಂದ, ಹೆಚ್ಚೆಂದರೆ ತಾಮ್ರದ ವೈರಿನ ಒಂದೆಳೆಯಿಂದ ಬಿಡಿಸಬೇಕು. ಡ್ರಿಲ್ ಬಿಟ್ ತೂರಿಸುವ ಮಹಾನುಭಾವರಿದ್ದಾರೆ. ಆಮೇಲೆ ಎಂಜಿನ್ ಪೆಟ್ರೋಲ್ ಕುಡಿಯುವ ಪರಿಯನ್ನು ಅವರ ಬಾಯಿಂದಲೇ ಕೇಳಬೇಕು. ಬಿಚ್ಚುವ ಮುಂಚೆ ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗು, ಕಡ್ಡಿಗಳ ಫೋಟೊ ತೆಗೆದಿಡಿ. ಪಕ್ಕದ ತೂತಿಗೆ ಸಿಕ್ಕಿಸಿದರೆ ಸಾಕು, ನಿಮಿಷಕ್ಕೆ 3600 ಸುತ್ತು ದಾಟಬಾರದ ಎಂಜಿನ್ ವಿಮಾನದ ಕನಸು ಕಾಣುತ್ತದೆ.

ಆಯಿಲ್ ಕಡ್ಡಿ ಮೂಸಿ ನೋಡುವುದನ್ನು ಯಾರೂ ಮಾಡುವುದಿಲ್ಲ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ ‘ಪರವಾಗಿಲ್ಲ, ಸ್ವಲ್ಪವೂ ಸುಟ್ಟಿಲ್ಲ’ ಎಂದು ಹಿಗ್ಗುವವರೇ ಹೆಚ್ಚು. ಅದು ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸೋರಿ ಸಿಲಿಂಡರಿನ ಮೂಲಕ ಇಳಿದ ಪೆಟ್ರೋಲು. ತೆಳುವಾದ ಆ ಆಯಿಲಿನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗಿಗೆ ಎಳ್ಳುನೀರು. ನೀಡಲ್ ಬದಲಿಸಿ, ಆಯಿಲ್ ಪೂರ್ತಿ ಇಳಿಸಿ, ಹೊಸದು ತುಂಬಬೇಕು. ಬೇಸಿಗೆಗೆ ಎಸ್‌ಎಇ 30, ಈ ಎಂಜಿನ್ನಿಗೆ ಸುಮಾರು 1.4 ಲೀಟರ್.

ಫ್ಲೈವೀಲಿನ ಮೇಲಿನ ತಗಡನ್ನೂ ಬಿಚ್ಚಿ ನೋಡಿ. ಇಲಿ ಸಂಸಾರ ಹೂಡಿರುತ್ತದೆ. ಗೂಡು ಗಾಳಿ ತಡೆದು ಎಂಜಿನ್ನನ್ನು ಬೇಯಿಸುತ್ತದೆ, ಇಗ್ನಿಷನ್ ವೈರು ಅದರ ಮರಿಗಳ ಹಲ್ಲಿಗೆ ಅಭ್ಯಾಸ ಪುಸ್ತಕ.

ಸೀಟಿನ ಕೆಳಗೊಂದು ಸ್ವಿಚ್ ಇದೆ. ಬ್ಲೇಡ್ ತಿರುಗುವಾಗ ಸವಾರ ಎದ್ದರೆ ಎಂಜಿನ್ ಆರಿಸುವುದು ಅದರ ಕೆಲಸ. ಅದು ಕೆಟ್ಟಾಗ, ಅಥವಾ ಸವಾರ ಬಡಕಲಾಗಿದ್ದಾಗ, ಪ್ರತಿ ಗುಂಡಿಗೂ ಗಾಡಿ ನಿಲ್ಲುತ್ತದೆ. ಒಂದು ತುಂಡು ವೈರು ಸಿಕ್ಕಿಸಿ ಅದನ್ನು ಸುಮ್ಮನಾಗಿಸುವ ಜಾಣರ ಗರಾಜಿಗೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಹೊಸ ಸ್ವಿಚ್ಚಿಗೆ ಆಗುವುದು ಒಂದು ಹೊತ್ತಿನ ಊಟದ ಖರ್ಚು.

ಹಿಂದಿನ ಚಕ್ರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮುಚ್ಚಳ, ಕ್ಲಿಪ್ಪು, ವಾಷರ್ ತೆಗೆದರೆ ಕೈಗೆ ಬರಬೇಕು. ಬರುವುದಿಲ್ಲ. ಮುಕ್ಕಾಲು ಇಂಚಿನ ಆಕ್ಸಲ್ಲಿಗೂ ಚಕ್ರದ ನಡುವಿನ ಹಬ್‌ಗೂ ತುಕ್ಕಿನ ಬೆಸುಗೆ ಬಿದ್ದಿರುತ್ತದೆ. ಸುತ್ತಿಗೆಯಿಂದ ಆಕ್ಸಲಿನ ತುದಿಗೆ ಬಡಿದರೆ ತುದಿ ಅಣಬೆಯಾಗಿ ಚಕ್ರ ಎಂದೆಂದಿಗೂ ಬಾರದು. ಪೆಟ್ಟು ಒಳಗೆ ಗೇರ್ ಪೆಟ್ಟಿಗೆಯಾದ ಟ್ರಾನ್ಸ್‌ಆಕ್ಸಲಿನ ಕ್ಲಿಪ್ಪನ್ನೂ ಮುರಿಯಬಹುದು. ಟೈರ್ ಇರುವಾಗ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಕಾಯಿಸುವುದಂತೂ ಬೇಡ, ಟೈರ್ ಸಿಡಿದು ಜನ ಸತ್ತಿದ್ದಾರೆ. ತುಕ್ಕು ಬಿಡಿಸುವ ಎಣ್ಣೆಯನ್ನು ಚಕ್ರವನ್ನೂ ಆಕ್ಸಲನ್ನೂ ಜೋಡಿಸುವ ಕೀ ಕೂರುವ ಸೀಳಿನೊಳಕ್ಕೆ ದಿನಾ ಎರೆದು, ಚಕ್ರ ಎಳೆದು ಕೀಳುವ ಪುಲ್ಲರ್ ಹಾಕಿ, ಇಂದು ಕಾಲು ಸುತ್ತು, ನಾಳೆ ಕಾಲು ಸುತ್ತು ಬಿಗಿಮಾಡುತ್ತ ಕಾಯಬೇಕು. ಬಂದ ಮೇಲೆ ಆಕ್ಸಲನ್ನು ಉಜ್ಜಿ, ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಸವರಿ ಕೂರಿಸಿದರೆ ಮುಂದಿನವರು ಹರಸುತ್ತಾರೆ.

ಎಂಜಿನ್ ಬಲವನ್ನು ಚಕ್ರಕ್ಕೂ ಬ್ಲೇಡಿಗೂ ಒಯ್ಯುವ ಬೆಲ್ಟಿನಲ್ಲಿ ಉಳಿತಾಯ ಬೇಡ. ಅದೇ ಅಳತೆಯ ಕಾರಿನ ಬೆಲ್ಟು ಸುತ್ತಳತೆಗೆ ಸರಿಹೋಗುತ್ತದೆ, ಕ್ಲಚ್ಚಿನಂತೆ ಜಾರಿ ಹಿಡಿಯುವ ಕೆಲಸಕ್ಕೆ ಸುಟ್ಟುಹೋಗುತ್ತದೆ. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ವೈರು ಕೀಳಿ. ಕೂರಿಸುವಾಗ ಬ್ಲೇಡಿನ ತುದಿಯ ರೆಕ್ಕೆ ಮೇಲ್ಮುಖವಾಗಿರಲಿ; ತಲೆಕೆಳಗಾದರೆ ಹುಲ್ಲು ತುಂಡಾಗುವುದಿಲ್ಲ, ಬರೀ ಹೊಡೆತ ತಿಂದು ಮಲಗಿ, ಗಾಡಿ ದಾಟಿದ ಮೇಲೆ ಎದ್ದು ನಿಲ್ಲುತ್ತದೆ.

ಬಣ್ಣಕ್ಕೆ ಎಲ್ಲರಿಗೂ ಅವಸರ. 1961ರ ಮೊದಲ ಕಬ್ ಕೆಡೆಟ್, 1963ರ ಜಾನ್ ಡಿಯರ್ 110 ಅಂಥ ಗಟ್ಟಿ ಗಾಡಿ ಕೈಗೆ ಸಿಕ್ಕಿದರೆ ಮರಳುಕಾಗದ ಹಿಡಿದು ಬೆವರು ಸುರಿಸುವುದಕ್ಕೆ ಅರ್ಥವಿದೆ. ತೊಂಬತ್ತರ ದಶಕದ ತೆಳು ತಗಡಿನದಕ್ಕೆ ಓಡುವಷ್ಟು ರಿಪೇರಿ ಸಾಕು. ಬಳಿಯುವುದೇ ಆದರೆ ಗ್ರೀಸ್ ನಿಪ್ಪಲ್ಲುಗಳಿಗೆ ಟೇಪ್ ಸುತ್ತಿ, ಸೈಲೆನ್ಸರಿಗೆ ಶಾಖ ತಡೆಯುವ ಬಣ್ಣವನ್ನೇ ತನ್ನಿ. ಮಾಮೂಲಿ ಬಣ್ಣ ಬಳಿದರೆ ಮೊದಲ ಸವಾರಿಯಲ್ಲೇ ದಟ್ಟ ಹೊಗೆ ಏಳುತ್ತದೆ. ಅಮೆರಿಕದ ನೆರೆಯವರು ಬೇಲಿಯಾಚೆಯಿಂದ ಏನಾಯಿತು ಅಂತ ಕೇಳುವುದಿಲ್ಲ, ನೇರ ತುರ್ತು ಸೇವೆಯ 911ಕ್ಕೇ ಫೋನ್ ಹಚ್ಚುತ್ತಾರೆ.