ವಚನದ ಪಕ್ಕ ಕಾಂಕ್ರೀಟು

‘ಅಂತಾರಾಷ್ಟ್ರೀಯ ಬಹುಶಿಸ್ತೀಯ ಸಂಶೋಧನಾ ಪತ್ರಿಕೆ’ ಎಂಬ ಜಾತಿಗೆ ಸೇರಿದ ಯಾವುದಾದರೂ ಸಂಚಿಕೆಯ ಪರಿವಿಡಿ ತೆಗೆದು ನೋಡಿ. ಹೆಚ್ಚುಕಮ್ಮಿ ಹೀಗಿರುತ್ತದೆ. ಪುಟ 1ರಿಂದ 4, ವಚನಕಾರ್ತಿಯರಲ್ಲಿ ಸ್ತ್ರೀ ಸಂವೇದನೆ: ಒಂದು ಅಧ್ಯಯನ. ಪುಟ 5ರಿಂದ 8, ಹಾರುಬೂದಿ ಬೆರೆಸಿದ ಕಾಂಕ್ರೀಟಿನ 28 ದಿನಗಳ ಬಲ. ಪುಟ 9ರಿಂದ 11, ಬೀದಿ ವ್ಯಾಪಾರಿಗಳ ಮೇಲೆ ಜಿಎಸ್‌ಟಿ ಪರಿಣಾಮ. ಅಲ್ಲಿಂದ ಮುಂದೆ ಕಬಡ್ಡಿ ಆಟಗಾರರ ತೊಡೆಯ ಸ್ನಾಯು, ಕೆರೆ ನೀರಿನ ಪಿಎಚ್, ಗ್ರಂಥಾಲಯದಲ್ಲಿ ಬಾರ್‌ಕೋಡ್. ಕೊನೆಗೆ ಗೋಲ ಗುಮ್ಮಟ, ಅದೂ ‘ಒಂದು ಅವಲೋಕನ’. ಇಷ್ಟೂ ವಿಷಯಕ್ಕೆ ಸಂಪಾದಕರು ಒಬ್ಬರೇ. ಪರಿಶೀಲನೆಗೆ ಹಿಡಿದ ಸಮಯ ಒಂದು ಮಧ್ಯಾಹ್ನ.

ನಾನಾ ವಿಷಯಗಳನ್ನು ಒಂದೇ ರಟ್ಟಿನೊಳಗೆ ಹಾಕುವುದು ತಪ್ಪೇನಲ್ಲ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’ನಲ್ಲೂ ಕಪ್ಪೆ, ಬಂಡೆ, ಉಪಗ್ರಹ ಒಟ್ಟಿಗೇ ಇರುತ್ತವೆ. ಅಲ್ಲಿ ಕಪ್ಪೆಯ ಲೇಖನವನ್ನು ಕಪ್ಪೆ ಬಲ್ಲವರಿಗೆ ಕಳಿಸುತ್ತಾರೆ, ಅವರು ತಿಂಗಳುಗಟ್ಟಲೆ ಸತಾಯಿಸುತ್ತಾರೆ, ಅನೇಕ ಲೇಖನಗಳು ತಿರಸ್ಕೃತವಾಗುತ್ತವೆ. ನಮ್ಮ ಬಹುಶಿಸ್ತೀಯದಲ್ಲಿ ಆ ತಾಪತ್ರಯ ಇಲ್ಲ. ಸಂಪಾದಕರ ವಾಟ್ಸ್ಯಾಪ್ ಉತ್ತರ ಚುಟುಕಾಗಿರುತ್ತದೆ: “ಸರ್, ಫೋನ್‌ಪೇ ಸ್ಕ್ರೀನ್‌ಶಾಟ್ ಹಾಕಿ, ಸಂಜೆಯೊಳಗೆ ಅಕ್ಸೆಪ್ಟೆನ್ಸ್ ಲೆಟರ್ ಬರತ್ತೆ. ಕೋ-ಆಥರ್‌ಗೆ ಸರ್ಟಿಫಿಕೇಟ್ ಬೇಕಾದ್ರೆ ಎಕ್ಸ್‌ಟ್ರಾ ಆಗತ್ತೆ.”

ಈ ವೈವಿಧ್ಯದ ಮೂಲ ಜ್ಞಾನದಾಹ ಎಂದುಕೊಂಡರೆ ಮೋಸ ಹೋದಿರಿ. ಮೂಲ ಇರುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಎರಡನೇ ಕೋಷ್ಟಕದಲ್ಲಿ. ಭಾಷೆ, ಸಮಾಜವಿಜ್ಞಾನದವರಿಗೆ ಒಂದು ಲೇಖನಕ್ಕೆ 10 ಅಂಕ. ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ 8. ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕ ಹುದ್ದೆಗೆ 75 ಅಂಕ ಬೇಕು, ಪ್ರಾಧ್ಯಾಪಕ ಹುದ್ದೆಗೆ 120. ಇನ್ನು ಇಬ್ಬರು ಸೇರಿ ಬರೆದರೆ? ಹತ್ತನ್ನು ಐದೈದು ಹಂಚುತ್ತಾರೆ ಎಂದುಕೊಳ್ಳುವವರು ಪ್ರಾಥಮಿಕ ಶಾಲೆಯ ಗಣಿತದಲ್ಲೇ ಉಳಿದವರು. ಉನ್ನತ ಶಿಕ್ಷಣದ ಗಣಿತದಲ್ಲಿ ಇಬ್ಬರಿಗೂ ತಲಾ ಶೇ 70. ಅಂದರೆ ಹತ್ತು ಅಂಕದ ಲೇಖನ ಕೈಗೆ ಬರುವಾಗ ಹದಿನಾಲ್ಕು.

ಲೆಕ್ಕ ಮುಂದುವರಿಸೋಣ. ಕನ್ನಡ ವಿಭಾಗದ ಇಬ್ಬರು ತಲಾ ಒಂಬತ್ತು ಲೇಖನ ಬರೆದರು ಎನ್ನಿ. ಒಬ್ಬೊಬ್ಬರೇ ಇದ್ದರೆ ತಲಾ 90, ಪ್ರಾಧ್ಯಾಪಕ ಹುದ್ದೆ ದೂರ. ಒಬ್ಬರ ಲೇಖನಕ್ಕೆ ಇನ್ನೊಬ್ಬರ ಹೆಸರು ಸೇರಿಸಿಕೊಂಡರೆ ಹದಿನೆಂಟು ಲೇಖನ, ತಲಾ ಏಳರಂತೆ 126. ಒಂದು ಸಾಲೂ ಹೆಚ್ಚು ಬರೆಯದೆ ಇಬ್ಬರೂ ಗಡಿ ದಾಟಿದರು. ಆಸೆಬುರುಕತನದಿಂದ ಮೂರನೆಯವರನ್ನೂ ಕೂಡಿಸಿಕೊಂಡರೆ ಮಾತ್ರ ಕೆಡುತ್ತದೆ. ಮೂವರಾದರೆ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30. ಒಟ್ಟು 27 ಲೇಖನ. ಸ್ವಂತದ್ದರಿಂದ 63, ಗೆಳೆಯರದ್ದರಿಂದ 54, ಕೂಡಿದರೆ 117. ಮೂರು ಕಮ್ಮಿ! ಆ ಮೂರಕ್ಕೂ ಕೋಷ್ಟಕ ದಾರಿ ಇಟ್ಟಿದೆ: ರಾಷ್ಟ್ರೀಯ ವಿಚಾರಸಂಕಿರಣದಲ್ಲಿ ಪ್ರಬಂಧ ಓದಿದರೆ ಸರಿಯಾಗಿ 3. ಅದೇ ವಿಚಾರಸಂಕಿರಣ ‘ಅಂತಾರಾಷ್ಟ್ರೀಯ’ ಆದರೆ 5. ಎರಡಂಕದ ಆ ವ್ಯತ್ಯಾಸ ತುಂಬಲು ದುಬೈನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಹತ್ತು ನಿಮಿಷ ಜೂಮ್‌ನಲ್ಲಿ ಕಾಣಿಸಿಕೊಂಡರಾಯಿತು. ಬ್ಯಾನರಿಗೆ ಫ್ಲೆಕ್ಸ್ ಅಂಗಡಿಯವನೇ ಭೂಗೋಳದ ಚಿತ್ರ ಹಾಕಿಕೊಡುತ್ತಾನೆ.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದ ಹಿರಿಯರಿಗೆ ಈ ಕೋಷ್ಟಕ ಸಿಕ್ಕಿರಲಿಲ್ಲ, ಪಾಪ.

ಪತ್ರಿಕೆಯ ಮುಖಪುಟದಲ್ಲಿ ಎದ್ದು ಕಾಣುವುದು ಐಎಸ್‌ಎಸ್‌ಎನ್ ಎಂಬ ಎಂಟಂಕಿಯ ಗುರುತಿನ ಸಂಖ್ಯೆ. ಅದು ಗುಣಮಟ್ಟದ ಮುದ್ರೆ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ವಾಸ್ತವದಲ್ಲಿ ಅದು ಗಾಡಿಯ ನಂಬರ್ ಪ್ಲೇಟು. ಓಡಿಸುವವನಿಗೆ ಡ್ರೈವಿಂಗ್ ಬರುತ್ತದೆಯೇ ಎಂದು ಅದು ಹೇಳುವುದಿಲ್ಲ. ದೆಹಲಿಯ ಕೇಂದ್ರ ಇದನ್ನು ಉಚಿತವಾಗಿಯೇ ಕೊಡುತ್ತದೆ. ಸಂಖ್ಯೆ ನಿಯಮದ ಪ್ರಕಾರ ಇದೆಯೇ ಎಂದು ಕೈಲೆಕ್ಕದಲ್ಲೇ ನೋಡಬಹುದು: ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಿರಿ. ಬಂದದ್ದು ಎಂಟನೇ ಅಂಕಿ ಆಗಿರಬೇಕು (10 ಬಂದರೆ X, 11 ಬಂದರೆ 0). ‘ನೇಚರ್’ ಪತ್ರಿಕೆಯದು 0028-0836. ಮೊತ್ತ 82, ಶೇಷ 5, ಹನ್ನೊಂದರಲ್ಲಿ ಕಳೆದರೆ 6, ತಾಳೆಯಾಯಿತು. ತಾಳೆಯಾಗದಿದ್ದರೆ ಆ ನಂಬರ್ ಪ್ಲೇಟೂ ಮನೆಯಲ್ಲೇ ಬರೆಸಿದ್ದು. ತಾಳೆಯಾದ ಮಾತ್ರಕ್ಕೆ ನಿರಾಳವಾಗಬೇಡಿ. ಒಳ್ಳೆಯ ಹಳೆಯ ಪತ್ರಿಕೆಯ ಹೆಸರು, ಸಂಖ್ಯೆ ಎರಡನ್ನೂ ಎತ್ತಿಕೊಂಡು ಬೇರೆ ವೆಬ್‌ಸೈಟ್ ತೆರೆದು ಹಣ ಕಟ್ಟಿಸಿಕೊಳ್ಳುವವರಿದ್ದಾರೆ. ಅಸಲಿಗೆ ವೆಬ್‌ಸೈಟೇ ಇರುವುದಿಲ್ಲ, ನಕಲಿಯದು ಥಳಥಳ ಹೊಳೆಯುತ್ತಿರುತ್ತದೆ.

ಸಂಖ್ಯೆಯ ಪಕ್ಕದಲ್ಲೇ ಇಂಪ್ಯಾಕ್ಟ್ ಫ್ಯಾಕ್ಟರ್ 7.862 ಎಂದು ಕೆಂಪಕ್ಷರದಲ್ಲಿರುತ್ತದೆ. ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅದನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್. ಅದನ್ನು ಕೊಡುವ ಕ್ಲಾರಿವೇಟ್ ಸಂಸ್ಥೆ 2023ರಿಂದ ದಶಮಾಂಶದ ನಂತರ ಒಂದೇ ಅಂಕಿ ಇಟ್ಟುಕೊಂಡಿದೆ. ಅಷ್ಟು ನಿಖರತೆ ತನಗೇ ಸಲ್ಲದು ಎಂಬ ಸಂಕೋಚ ಇರಬೇಕು. ನಮ್ಮವರಿಗೆ ಆ ಸಂಕೋಚವಿಲ್ಲ. ಹೋದ ತಿಂಗಳು ಹುಟ್ಟಿದ ಪತ್ರಿಕೆಗೂ ಮೂರು ದಶಮಾಂಶ.

ಇನ್ನು ಒಳಗಿನ ಸರಕು. 2018ರ ಕೃತಿಚೌರ್ಯ ನಿಯಮದಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆಯಿಲ್ಲ, ಕಾಕತಾಳೀಯವಾಗಿ ಸತತ 14 ಪದಗಳವರೆಗೆ ಹೊಂದಿಕೆಯಾದರೆ ಲೆಕ್ಕಕ್ಕಿಲ್ಲ. ಹಾಗಾಗಿ ಜಾಣರು ಹದಿನೈದನೇ ಪದ ಬದಲಿಸುತ್ತಾರೆ. ಇಂಗ್ಲಿಷ್‌ನಲ್ಲಿ ಬರೆಯುವವರು ಆ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಅದು ಸ್ತನ ಕ್ಯಾನ್ಸರನ್ನು ‘ಎದೆಯ ಗಂಡಾಂತರ’ ಮಾಡಿ ಕೊಟ್ಟದ್ದನ್ನೂ ಯಾರೂ ಓದದೆ ಅಚ್ಚು ಹಾಕಿದ್ದಾರೆ. ಇಂಥವನ್ನು 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬಾನಾಕ್ ಮತ್ತು ಜೊತೆಗಾರರು ರಾಶಿಗಟ್ಟಲೆ ಹೆಕ್ಕಿದರು. ಕನ್ನಡದವರಿಗೆ ಇಷ್ಟು ಶ್ರಮವೂ ಬೇಡ. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದರೆ ಪರದೆಯ ಮೇಲೆ ‘ಕನ್ನಡ’ ಎಂದು ಕಂಡದ್ದು ಕಂಪ್ಯೂಟರಿಗೆ ರೋಮನ್ ಅಕ್ಷರ ಮತ್ತು ಬ್ರಿಟಿಷ್ ಪೌಂಡಿನ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿರುವ ಮೂಲದ ಜೊತೆ ತಾಳೆ ನೋಡಿದರೆ ಹೋಲಿಕೆ ಶೂನ್ಯ. ಇಡೀ ಅಧ್ಯಾಯ ಎತ್ತಿದ್ದರೂ ಸರ್ಟಿಫಿಕೇಟು ಶುಭ್ರ. ತೊಂದರೆ ಆಗುವುದು ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ: ಒತ್ತಕ್ಷರ ಕಳಚಿ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜೋತುಬೀಳುತ್ತದೆ. ಹಾಗೇ ಪ್ರಕಟವಾದರೂ ಅಂಕ ಕಡಿಮೆಯಾಗುವುದಿಲ್ಲವಾದ್ದರಿಂದ ತಿದ್ದುವ ಗೋಜಿಗೆ ಯಾರೂ ಹೋಗುವುದಿಲ್ಲ.

ಪರಿಶೀಲಕರ ಮಾತು ಹೇಳಲೇಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಬೇಕೆಂದೇ ತಪ್ಪು ತುಂಬಿದ ಸುಳ್ಳು ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ಮರುವರ್ಷ ಇನ್ನೂ ಚೆಂದದ್ದು ನಡೆಯಿತು. ‘ನಿಮ್ಮ ಹಾಳು ಮೇಲಿಂಗ್ ಲಿಸ್ಟ್‌ನಿಂದ ನನ್ನ ಹೆಸರು ತೆಗೆಯಿರಿ’ ಎಂಬ ಒಂದೇ ವಾಕ್ಯವನ್ನು (ಮೂಲದ ಬೈಗುಳ ಇದಕ್ಕಿಂತ ಖಾರ) ಹತ್ತು ಪುಟ ತುಂಬಿಸಿದ್ದ ಹಳೆಯ ತಮಾಷೆಯ ಲೇಖನವನ್ನು ಆಸ್ಟ್ರೇಲಿಯಾದ ಪ್ರಾಧ್ಯಾಪಕರೊಬ್ಬರು ಒಂದು ಪತ್ರಿಕೆಗೆ ರೇಗಿ ಕಳಿಸಿದರು. ಅದು ಪರಿಶೀಲನೆಯಲ್ಲಿ ಉತ್ತೀರ್ಣವಾಗಿ, ಶುಲ್ಕ ಕಟ್ಟಿ ಎಂಬ ಉತ್ತರ ಬಂತು. ಇಂಥವೇ ಪತ್ರಿಕೆಗಳನ್ನು ಹೊರಡಿಸುವ ನಮ್ಮ ನೆರೆಯ ಹೈದರಾಬಾದಿನ ಓಮಿಕ್ಸ್ ಸಮೂಹಕ್ಕೆ, ಲೇಖಕರನ್ನು ದಾರಿತಪ್ಪಿಸಿದ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ಈ ಕ್ಷೇತ್ರದಲ್ಲಿ ದಕ್ಷಿಣ ಭಾರತ ಯಾರಿಗೂ ಕಡಿಮೆಯಿಲ್ಲ.

ಯುಜಿಸಿ ಸುಮ್ಮನೆ ಕೂತಿರಲಿಲ್ಲ. 2017ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿ ಮಾಡಿತು. ಪುಣೆಯ ವಿದ್ವಾಂಸರು ಅದರಲ್ಲಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ ಪತ್ರಿಕೆಗಳ ಮಾದರಿ ತೆಗೆದು ನೋಡಿ, ಶೇ 88ರಷ್ಟು ಕಳಪೆ ಇರಬಹುದೆಂದು 2018ರಲ್ಲಿ ಅದೇ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಆ ವರ್ಷ ಮೇ ತಿಂಗಳಲ್ಲಿ 4,305 ಪತ್ರಿಕೆಗಳು ಪಟ್ಟಿಯಿಂದ ಹೊರಬಿದ್ದವು. 2019ರಲ್ಲಿ ಅದರ ಜಾಗಕ್ಕೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು, ನಕಲಿ ‘ಕೇರ್’ ಪತ್ರಿಕೆಗಳೂ ಬಂದವು. 2022ರಲ್ಲಿ, ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ನಿಯಮ ಕೈಬಿಟ್ಟರು. ಆದರೂ ಗೈಡ್‌ಗಳು “ಇರಲಿ, ಎರಡು ಹಾಕಿಬಿಡಿ” ಎನ್ನುವುದನ್ನು ಬಿಟ್ಟಿಲ್ಲ. ಯಾಕೆಂದರೆ ಲೇಖಕರ ಸಾಲಿನಲ್ಲಿ ಅವರ ಹೆಸರೂ ಇರುತ್ತದೆ, ಶೇ 70.

2025ರ ಫೆಬ್ರುವರಿಯಲ್ಲಿ ಕೇರ್ ಪಟ್ಟಿಯನ್ನೂ ಮುಚ್ಚಿ, ಯಾವ ಪತ್ರಿಕೆ ಒಳ್ಳೆಯದು ಎಂಬುದನ್ನು ಶಿಕ್ಷಣ ಸಂಸ್ಥೆಗಳೇ ನಿರ್ಧರಿಸಿಕೊಳ್ಳಲಿ ಎಂದು ಯುಜಿಸಿ ಕೈತೊಳೆದುಕೊಂಡಿತು. ಹೀಗಾಗಿ ಇನ್ನು ಸಮಿತಿಗಳ ಕಾಲ. ಸಮಿತಿಗೆ ಅನುಭವಿಗಳು ಬೇಕಲ್ಲವೇ? ಅತಿ ಹೆಚ್ಚು ಲೇಖನ ಪ್ರಕಟಿಸಿದವರನ್ನೇ ಹುಡುಕಿ ಕೂರಿಸುತ್ತಾರೆ. ಅವರ ಮುಂದೆ ಪತ್ರಿಕೆಗಳ ಹೆಸರು ಒಂದೊಂದಾಗಿ ಬರುತ್ತವೆ, ಅವರು ಒಂದೊಂದನ್ನೂ ನೋಡಿ, “ಇದಾ? ಇದು ಒಳ್ಳೇದು, ಇದರಲ್ಲಿ ನಂದೇ ನಾಲ್ಕಿವೆ” ಎಂದು ಟಿಕ್ ಹಾಕುತ್ತಾರೆ.