ನಾಲ್ಕು ಮುಖ, ಐದು ಹೆಸರು

ಊರಿನ ಬ್ಯಾಂಡುಗಳ ಬಗ್ಗೆ ಒಂದು ಪ್ರದರ್ಶನ ಇಡೋಣ ಅಂದಾಗ ಎಲ್ಲರೂ ಹೂಂ ಅಂದ್ರು, ಕೆಲಸ ಹಂಚೋ ಹೊತ್ತಿಗೆ ಎಲ್ಲರಿಗೂ ಅರ್ಜೆಂಟ್ ಕಾಲ್ ಬಂದು ಒಬ್ಬೊಬ್ಬರೇ ಹೊರಗೆ ಹೋದ್ರು. ನನ್ನ ಫೋನ್ ಸೈಲೆಂಟ್‌ನಲ್ಲಿತ್ತು, ಹಾಗಾಗಿ ಕ್ಯಾಪ್ಶನ್ ಬರೆಯೋ ಕೆಲಸ ನನ್ನ ತಲೆಗೆ ಬಂತು. ಫೋಟೋ ಕೆಳಗೆ ಎಡದಿಂದ ಬಲಕ್ಕೆ ಹೆಸರು ಹಾಕಿದ್ರೆ ಮುಗೀತಲ್ಲ ಅಂದ್ರು ಸಮಿತಿಯವರು. ಪಾಪ, ಅವರ್ಯಾರೂ ಬ್ಯಾಂಡಿನೋರ ಜೊತೆ ಅರ್ಧ ಗಂಟೆ ಕೂತು ಮಾತಾಡಿರಲಿಲ್ಲ ಅನ್ಸುತ್ತೆ.

ಮೊದಲನೇ ಫೋಟೋದಲ್ಲೇ ಮುಖ ನಾಲ್ಕು, ಕೊಟ್ಟ ಹೆಸರು ಐದು. ಹಾಡೋರನ್ನ ಕೇಳಿದ್ರೆ ‘ಬಾಸ್ ಗಿಟಾರ್ ನುಡಿಸೋನು ಆವತ್ತು ಬಂದಿರಲಿಲ್ಲ’ ಅಂದ್ರು, ಗಿಟಾರಿನೋರು ‘ಇಲ್ಲ ಇಲ್ಲ, ಫೋಟೋ ತೆಗೆದಿದ್ದೇ ಅವನು’ ಅಂದ್ರು, ಬಾಸಿನೋರಿಗೇ ಫೋನ್ ಮಾಡಿದ್ರೆ ‘ಅಷ್ಟೊತ್ತಿಗೆ ನಾನು ಬಿಟ್ಟಾಗಿತ್ತು ಕಣ್ರೀ, ನನ್ನ ಹೆಸರು ಹಾಕ್ಬೇಡಿ’ ಅಂತ ಇಟ್ಟು, ಹತ್ತು ನಿಮಿಷ ಬಿಟ್ಟು ಅವರೇ ಮಾಡಿ ‘ಹಾಕಿ, ಆದ್ರೆ ಮೊದಲನೇ ಹೆಸರಾಗಿ ಹಾಕಿ’ ಅಂದ್ರು. ಡ್ರಮ್ಮರ್‌ದು ಬೇರೆ ಕಥೆ. ಡ್ರಮ್ಮರ್‌ಗಳು ಯಾವಾಗ್ಲೂ ಹಿಂದೆ ಕೂತಿರ್ತಾರೆ, ಮುಂದೊಂದು ಸಿಂಬಲ್, ಅಂದ್ರೆ ಕೋಲಲ್ಲಿ ಹೊಡೆಯೋ ಲೋಹದ ತಟ್ಟೆ, ಇರುತ್ತೆ, ಹಾಗಾಗಿ ಅಷ್ಟೂ ವರ್ಷದ ಫೋಟೋಗಳಲ್ಲಿ ಅವರದ್ದು ಅಂತ ಸಿಗೋದು ಒಂದು ಕೈ, ಸ್ವಲ್ಪ ಕೂದಲು. ಒಂದು ಫೋಟೋದಲ್ಲಿ ಯಾರು ಅಂತ ಬ್ಯಾಂಡಿನೋರಿಗೇ ಗೊತ್ತಾಗದೆ ಕೊನೆಗೆ ಒಬ್ಬರ ಹೆಂಡತಿ ಬಂದು ನೋಡಿ, ‘ಇದು ನಮ್ಮನೆಯವರ ಮೊಣಕೈ’ ಅಂತ ಖಚಿತ ಮಾಡಿದ್ರು.

ಇನ್ನು ‘ಸ್ಥಾಪಕ’ ಅನ್ನೋ ಪದ ಇದ್ಯಲ್ಲ, ಅದನ್ನ ಬರೆಯೋಕೆ ಹೋದೋರು ಉದ್ಧಾರ ಆಗಿಲ್ಲ. ಪ್ರತಿ ಬ್ಯಾಂಡನ್ನೂ ಅದರಲ್ಲಿದ್ದ ಪ್ರತಿಯೊಬ್ಬರೂ ಶುರು ಮಾಡಿದ್ದಾರೆ, ಒಬ್ಬರೂ ಮುರಿದಿಲ್ಲ. ಅದು ತಾನಾಗೇ ಮುರಿದುಬಿದ್ದಿದ್ದು. ಕೊನೆಗೆ ಎಲ್ಲರಿಗೂ ಸ್ಥಾಪಕ ಸದಸ್ಯರು ಅಂತ ಹಾಕಿದ್ವಿ, ಬ್ಯಾಂಡ್ ನಿಂತು ಹೋಗೋ ವರ್ಷ ಸೇರಿಕೊಂಡ ಕೀಬೋರ್ಡಿನ ಹುಡುಗನಿಗೂ.

ಜನ ಕೊಟ್ಟ ಸಾಮಾನಲ್ಲಿ ಕ್ಯಾಸೆಟ್ಟೇ ಜಾಸ್ತಿ. ಫಿಲಿಪ್ಸ್‌ನೋರು ಅದನ್ನ 1963ರಲ್ಲಿ ಹೊರಗೆ ತಂದಿದ್ದು. ಅದರ ಹಿಂಭಾಗದ ಅಂಚಲ್ಲಿ ಯೋಚನೆ ಮಾಡಿಯೇ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇಟ್ಟಿರ್ತಾರೆ, ಅದನ್ನ ಮುರಿದ್ರೆ ಮೇಲೆ ಬೇರೆ ರೆಕಾರ್ಡ್ ಮಾಡೋಕಾಗಲ್ಲ. ಆದ್ರೆ ಆ ತೂತಿಗೆ ಒಂದು ಚೂರು ಸೆಲ್ಲೋಟೇಪ್ ಅಂಟಿಸಿದ್ರೆ ಮತ್ತೆ ಆಗುತ್ತೆ, ಇದು ಪ್ರತಿ ಮನೆಯ ತಂಗಿಗೂ ಗೊತ್ತಿತ್ತು. ‘ನಮ್ಮ ಮೊದಲ ರಿಹರ್ಸಲ್, ಯಾರೂ ಮುಟ್ಟಬಾರದು’ ಅಂತ ಕೆಂಪು ಇಂಕಲ್ಲಿ ಬರೆದಿದ್ದ ಸಿ-90, ಅಂದ್ರೆ ಎರಡೂ ಸೈಡ್ ಸೇರಿ ತೊಂಬತ್ತು ನಿಮಿಷದ ಕ್ಯಾಸೆಟ್, ಒಂದು ಬಂತು. ಪ್ಲೇಯರ್ ಹುಡುಕಿ ತಂದು, ಬ್ಯಾಂಡಿನೋರನ್ನ ಸುತ್ತ ಕೂರಿಸಿ, ಬಟನ್ ಒತ್ತಿದ್ರೆ ಒಂದು ಹೆಣ್ಣು ದನಿ ಮೂತ್ರಪಿಂಡದ ಕೆಲಸಗಳನ್ನ ಒಂದೊಂದಾಗಿ ಬಾಯಿಪಾಠ ಮಾಡ್ತಿದೆ. ನಲವತ್ತೈದು ನಿಮಿಷ. ಎಲ್ಲೋ ಕೊನೇಲಿ ಒಂದು ಗಿಟಾರ್ ತಂತಿ ಟಿಂಗ್ ಅಂತು, ಆಮೇಲೆ ಟಕ್ ಅಂತ ಸೈಡ್ ಮುಗೀತು. ತಂಗಿ ಈಗ ಡಾಕ್ಟರ್ ಆಗಿದ್ದಾರೆ, ಹಾಗಾಗಿ ಬಯ್ಯೋಕೂ ಆಗಲ್ಲ.

ಇನ್ನೊಂದು ಟೇಪಲ್ಲಿ ಹಾಡು ಪೂರ್ತಿ ಇತ್ತು, ಆದ್ರೆ ಶುರುವಾಗೋಕೆ ಒಂದೆರಡು ಸೆಕೆಂಡ್ ಮುಂಚೆನೇ ಅದೇ ಹಾಡು ದೂರದಿಂದ ಸಣ್ಣಗೆ ಕೇಳಿಸ್ತಿತ್ತು. ವರ್ಷಗಟ್ಟಲೆ ಸುತ್ತಿಟ್ಟ ಟೇಪಲ್ಲಿ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೂ ಮೆತ್ತಿಕೊಳ್ಳುತ್ತೆ, ಅದರಿಂದ ಹಾಗಾಗೋದು. ನಾನು ಇದನ್ನ ವಿವರಿಸೋಷ್ಟರಲ್ಲಿ ಗಿಟಾರಿನೋರು ಎದ್ದು ನಿಂತು, ‘ನೋಡಿದ್ರಾ? ಅವನು ಯಾವಾಗ್ಲೂ ಮುಂಚೆನೇ ಶುರು ಮಾಡ್ತಿದ್ದ ಅಂತ ನಾನು ಆವತ್ತೇ ಹೇಳಿದ್ದೆ!’ ಅಂತ ಡ್ರಮ್ಮರ್ ಕಡೆ ಬೆರಳು ತೋರಿಸಿದ್ರು. ಡ್ರಮ್ಮರ್ ಅವರು ಆ ಸಂಜೆ ಪೂರ್ತಿ ಯಾರ ಜೊತೆನೂ ಮಾತಾಡಲಿಲ್ಲ.

ಪ್ರದರ್ಶನ ತೆರೆದ ದಿನ ಹಾಲ್ ತುಂಬ ಒಂದು ಸದ್ದು. ಝರ್ರ್... ನಿಲ್ಲುತ್ತೆ, ಮತ್ತೆ ಝರ್ರ್. ಕಣಜ ಸೇರಿಕೊಂಡಿದೆ ಅಂತ ಒಬ್ಬರು, ವೈರಿಂಗ್ ಸುಡ್ತಿದೆ ಅಂತ ಇನ್ನೊಬ್ಬರು. ಎಲೆಕ್ಟ್ರಿಷಿಯನ್ ಬಂದು ಏಣಿ ಹತ್ತಿ ಎರಡು ಲೈಟ್ ಬದಲಾಯಿಸಿ ದುಡ್ಡು ಇಸ್ಕೊಂಡು ಹೋದ್ರು, ಸದ್ದು ಇದ್ದ ಹಾಗೇ ಇತ್ತು. ಆಮೇಲೆ ಅದೇ ಮುನಿಸಿಕೊಂಡ ಡ್ರಮ್ಮರ್ ನಡ್ಕೊಂಡು ಬಂದು, ‘ಮುಟ್ಟಬೇಡಿ’ ಬೋರ್ಡ್ ಪಕ್ಕಕ್ಕೆ ಸರಿಸಿ, ಸ್ನೇರ್ ಡ್ರಮ್ಮಿನ ಪಕ್ಕದಲ್ಲಿದ್ದ ಸಣ್ಣ ಲಿವರ್ ಕೆಳಗೆ ಮಾಡಿದ್ರು. ಸದ್ದು ನಿಂತೇಹೋಯ್ತು. ಸ್ನೇರ್ ಕೆಳಗಡೆ ತಂತಿಗಳ ಒಂದು ಪಟ್ಟಿ ಬಿಗಿದಿರ್ತಾರೆ, ಆಚೆ ಮೂಲೆಯ ಸ್ಪೀಕರ್‌ನಲ್ಲಿ ಬಾಸ್ ಸ್ವರ ಬಂದಾಗಲೆಲ್ಲ ಇಲ್ಲಿ ಅದು ಅದುರ್ತಿತ್ತು. ‘ಬಾಸಿನೋನು ಇಲ್ಲೂ ನನ್ನ ನೆಮ್ಮದಿಯಾಗಿರೋಕೆ ಬಿಡಲ್ಲ’ ಅಂದ್ರು ಅವರು, ಅಷ್ಟೇ ಅವರ ಭಾಷಣ.

ಬೆಳಕಿನ ಗಲಾಟೆ ಬೇರೆ. ಹಳೇ ಫೋಟೋ, ಕಾಗದ ಬಣ್ಣ ಹೋಗದೇ ಇರಲಿ ಅಂತ ಮ್ಯೂಸಿಯಮ್ಮಿನೋರು ಬೆಳಕನ್ನ ಸಾಮಾನ್ಯವಾಗಿ 50 ಲಕ್ಸ್ (ಬೆಳಕು ಎಷ್ಟು ಬೀಳುತ್ತೆ ಅನ್ನೋದರ ಅಳತೆ) ಆಸುಪಾಸಲ್ಲಿ ಇಡ್ತಾರೆ, ಆಫೀಸ್ ಮೇಜಿನ ಮೇಲೆ ಸುಮಾರು 500 ಇರುತ್ತೆ. ನಾವೂ ಶಿಸ್ತಾಗಿ 50 ಇಟ್ವಿ. ಬಂದ ಅಂಕಲ್‌ಗಳೆಲ್ಲ ತಮ್ಮ ಮುಖ ಕಾಣಿಸ್ತಿಲ್ಲ ಅಂತ ಫೋನಿನ ಟಾರ್ಚ್ ಹಾಕಿ ಫೋಟೋಗೆ ಮೂಗು ತಾಗಿಸಿಕೊಂಡು ನಿಂತ್ರು. ನಿಜ ಹೇಳ್ಬೇಕಂದ್ರೆ ಹಳೇ ಬ್ಯಾಂಡಿನೋರು ಇಂಥಾ ಕಡೆ ಬರೋದೇ ತಮ್ಮನ್ನ ತಾವು ಹುಡುಕೋಕೆ, ಕ್ಯಾಪ್ಶನ್ ಓದೋದು ಹೆಸರಲ್ಲಿ ಒತ್ತಕ್ಷರ ಬಿಟ್ಟುಹೋಗಿದ್ಯಾ ನೋಡೋಕೆ. ಅದರಲ್ಲಿ ತಪ್ಪೇನಿಲ್ಲ ಬಿಡಿ, ಗಿಟಾರ್ ಹಿಡಿದಿದ್ದ ದಿನಗಳಲ್ಲಿ ಹೊಟ್ಟೆ ಅಷ್ಟು ಒಳಗಿತ್ತು ಅಂತ ಮೊಮ್ಮಕ್ಕಳಿಗೆ ತೋರಿಸೋಕೆ ಬೇರೆ ಸಾಕ್ಷಿ ಎಲ್ಲಿದೆ.

ಮುಗಿದ ಮೇಲೆ ಸಾಮಾನು ವಾಪಸ್ ತಗೊಳ್ಳೋಕೆ ಎಲ್ಲರೂ ಟೈಮ್‌ಗೆ ಸರಿಯಾಗಿ ಬಂದ್ರು. ಕೈಲಿ ಬರೆದ ಹಾಡಿನ ಪಟ್ಟಿ ಒಂದಕ್ಕೆ ಮೂರು ಜನ ಕಿತ್ತಾಡಿದ್ರು, ಮೊಣಕೈ ಫೋಟೋ ಕಾಪಿ ಬೇಕು ಅಂತ ಡ್ರಮ್ಮರ್ ಮನೆಯವರು ಹೇಳಿಹೋದ್ರು. ಸದ್ದು ಜೋರು ಮಾಡೋ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ಒಂದಿತ್ತು, ಒಳಗೆ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರೋದು, ಇಬ್ಬರು ಎತ್ತಿದ್ರೂ ಸೊಂಟ ಹಿಡಿಯುತ್ತೆ. ಅದು ಯಾರದ್ದು ಅಂತ ಕೇಳಿದ್ದೇ ತಡ, ಹಾಡೋರು ‘ಅದು ಗಿಟಾರಿನೋನದು’ ಅಂದ್ರು, ಗಿಟಾರಿನೋರು ‘ಅದು ಬ್ಯಾಂಡಿಂದು’ ಅಂದ್ರು, ಬಾಸಿನೋರು ‘ನಾನು ಅಷ್ಟೊತ್ತಿಗೆ ಬಿಟ್ಟಾಗಿತ್ತು’ ಅಂದ್ರು. ಸಂಗೀತದ ಭಿನ್ನಾಭಿಪ್ರಾಯದಿಂದ ಬ್ಯಾಂಡ್ ಮುರೀತು ಅಂತ ಕ್ಯಾಪ್ಶನ್ನಲ್ಲಿ ಬರೆಸಿದ್ರಲ್ಲ, ಅದರ ತೂಕ ಎಷ್ಟಿತ್ತು ಅಂತ ನನಗೆ ಆಗ ಗೊತ್ತಾಯ್ತು. ಇವತ್ತಿಗೂ ಯಾರೂ ಬಂದಿಲ್ಲ. ಸಮಿತಿಯವರು ಅದರ ಮೇಲೆ ಪ್ರಿಂಟರ್ ಇಟ್ಕೊಂಡಿದ್ದಾರೆ.