ಕಾರವಾರಕ್ಕೆ ಹೋದರೆ ಕಡಲಿಗೊಮ್ಮೆ ಬೆನ್ನು ಮಾಡಿ ನಿಲ್ಲಿ

"ಕಾರವಾರದಲ್ಲಿ ಅಂಥದ್ದೇನೂ ಇಲ್ಲಪ್ಪ, ಅರ್ಧ ದಿನ ಸಾಕು." ಗೋವಾಕ್ಕೆ ಹೋಗಿ ಬಂದ ಗೆಳೆಯರು, ನೆಂಟರು ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ. ಏನೇನು ನೋಡಿದಿರಿ ಅಂತ ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಕಥೆ. ಹೆದ್ದಾರಿ ಪಕ್ಕದಲ್ಲೇ ಇರುವ ಟ್ಯಾಗೋರ್ ಕಡಲತೀರದಲ್ಲಿ ಇಳಿದಿರುತ್ತಾರೆ. ಚಾಪೆಲ್ ಯುದ್ಧನೌಕೆ ಹತ್ತಿ ಫೋಟೊ ತೆಗೆದಿರುತ್ತಾರೆ. ಒಂದು ಮೀನೂಟ ಮುಗಿಸಿ, ಕಾಳಿ ಸೇತುವೆ ದಾಟಿ ಗೋವಾ ಗಡಿಯ ಮಾಜಾಳಿ ಕಡೆ ಹೊರಟಿರುತ್ತಾರೆ. ಅಷ್ಟನ್ನೇ ನೋಡುವುದಾದರೆ ಅರ್ಧ ದಿನ ಸಾಕು, ನಿಜ.

ಆದರೆ ಸೇತುವೆ ಮೇಲೆ ಹೋಗುವಾಗ ಬಲಗಡೆ ಒಂದು ಸಲವಾದರೂ ನೋಡಿದಿರಾ?

ಎಡಗಡೆ ಅರಬ್ಬಿ ಸಮುದ್ರ. ಅದನ್ನು ಎಲ್ಲರೂ ನೋಡುತ್ತಾರೆ. ಬಲಗಡೆ ಅಗಲವಾದ ಕಾಳಿ ನದಿ, ನಡುವೆ ಹಸಿರು ನಡುಗಡ್ಡೆಗಳು, ಅದರ ಹಿಂದೆ ಸಾಲುಸಾಲಾಗಿ ಸಹ್ಯಾದ್ರಿ. ಕಾರವಾರವನ್ನು ಬರೀ ಕಡಲೂರು ಅಂದುಕೊಂಡು ಬರುವವರಿಗೆ ಅದು ಸಪ್ಪೆ ಅನ್ನಿಸುತ್ತದೆ. ಅದು ಮೊದಲು ಕಾಳಿ ನದಿಯ ಊರು. ಜೋಯಿಡಾ ತಾಲ್ಲೂಕಿನ ಡಿಗ್ಗಿ ಹತ್ತಿರ ಹುಟ್ಟಿ 184 ಕಿ.ಮೀ. ಹರಿದು ಬಂದ ನದಿ ಇಲ್ಲಿ ಕಡಲು ಸೇರುತ್ತದೆ. ಆ ನದಿಯ ಜೊತೆ ಒಂದು ದಿನ ಕಳೆಯದೆ ಕಾರವಾರ ನೋಡಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇದು ಊರಿನ ಮೇಲಿನ ಅಭಿಮಾನಕ್ಕೆ ಹೇಳುತ್ತಿರುವ ಮಾತಲ್ಲ. ಯಾರ ಹೆಸರನ್ನು ಆ ಕಡಲತೀರಕ್ಕೆ ಇಟ್ಟಿದ್ದಾರೋ ಅವರನ್ನೇ ತೆಗೆದುಕೊಳ್ಳಿ. ರವೀಂದ್ರನಾಥ ಟ್ಯಾಗೋರ್ ಕಾರವಾರಕ್ಕೆ ಬಂದಾಗ ಅವರಿಗೆ ಇನ್ನೂ 22ರ ಆಸುಪಾಸು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು. ತಮ್ಮ ಕೆಲವು ಕಾಲ ಅಣ್ಣನ ಮನೆಯಲ್ಲಿದ್ದು, ಒಂದು ನಾಟಕವನ್ನೂ ಇಲ್ಲಿ ಬರೆದರು. ಮುಂದೆ ತಮ್ಮ ನೆನಪುಗಳನ್ನು ಬರೆಯುವಾಗ ಅವರು ಕಡಲತೀರದ ಜೊತೆಗೆ ಒಂದು ಬೆಳದಿಂಗಳ ರಾತ್ರಿಯನ್ನೂ ನೆನೆಸಿಕೊಂಡಿದ್ದಾರೆ. ಅವತ್ತು ಅವರು ದೋಣಿ ಹತ್ತಿ ಹೋಗಿದ್ದು ಕಾಳಿ ನದಿಯ ಮೇಲಕ್ಕೆ. ದಾರಿಯಲ್ಲಿ ಬೆಟ್ಟದ ಮೇಲಿನ ಹಳೇ ಕೋಟೆ ನೋಡಿದರು. ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿದರು. ವಾಪಸು ಬರುವಾಗ ನದಿ ಬಾಯಿಯ ಹತ್ತಿರ ದೋಣಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ಅವರ ಹೆಸರಿನ ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಎಷ್ಟು ಜನ ಆ ನದಿ ಕಡೆ ಹೋಗುತ್ತಾರೆ ಹೇಳಿ.

ಅದಕ್ಕೂ ಹಿಂದಿನ ಚರಿತ್ರೆ ನೋಡಿದರೂ ಅಷ್ಟೇ. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಇಲ್ಲಿಗೆ ಬಂದು ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದ್ದು ಸಮುದ್ರದ ದಂಡೆಯಲ್ಲಲ್ಲ, ನದಿಯ ದಂಡೆಯಲ್ಲಿ ಒಳಗಡೆ ಇರುವ ಕಡವಾಡದಲ್ಲಿ. ಘಟ್ಟದ ಕಾಳುಮೆಣಸು, ಮೇಲಿನ ಸೀಮೆಯ ಬಟ್ಟೆ ಬಂದು ಸೇರುತ್ತಿದ್ದ ಜಾಗ ಅದು. ಇವತ್ತಿನ ಕಾರವಾರ ಪೇಟೆ ಬೆಳೆದದ್ದು ಆಮೇಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರಲ್ಲ, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದದ್ದು ಆ ಕಾಲದಲ್ಲಿ. ಸುಂಕೇರಿ ಸೇತುವೆ ದಾಟಿ ಈಗ ಕಡವಾಡಕ್ಕೆ ಹೋದರೆ ಸುಮ್ನೆ ಒಂದು ಚೆಂದದ ಹಳ್ಳಿ ಸಿಗುತ್ತದೆ. ಗದ್ದೆ, ತೆಂಗು, ನದಿಯ ಹಿನ್ನೀರು. ಟಿಕೆಟ್ಟಿಲ್ಲ, ಗೈಡ್ ಇಲ್ಲ. ನನಗೆ ಇಡೀ ಕಾರವಾರದಲ್ಲಿ ಜಾಸ್ತಿ ಇಷ್ಟವಾದ ದಾರಿ ಅದು.

ಹೋಗುವವರಿಗೆ ನಾನು ಹೇಳುವುದು ಇಷ್ಟು. ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕಾರವಾರದಲ್ಲಿ ಇಳಿಸುತ್ತದೆ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಗೆ ಆಟೊ ಹಿಡಿಯಬೇಕು. ಮರುದಿನ ಬೇಗ ಎದ್ದು ನದಿ ದಂಡೆಯ ಕೋಡಿಬಾಗಕ್ಕೆ ಹೋಗಿ. ಇಳಿತದ ಹೊತ್ತಾದರೆ ನದಿ ಹಿಂದೆ ಸರಿದು ಕೆಸರು, ಮರಳು ದಿಬ್ಬ ಮೇಲೆ ಬಂದಿರುತ್ತದೆ. ಮೊಣಕಾಲುದ್ದದ ನೀರಲ್ಲಿ ಬಗ್ಗಿ ನಿಂತು ಹೆಂಗಸರು, ಗಂಡಸರು ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಿರುತ್ತಾರೆ. ಕೊಂಕಣಿಯಲ್ಲಿ ತಿಸ್ರೆ ಅನ್ನುತ್ತಾರೆ. ಮಧ್ಯಾಹ್ನ ನಿಮ್ಮ ತಟ್ಟೆಗೆ ಬರುವ ತಿಸ್ರೆ ಸುಕ್ಕದ ಹಿಂದೆ ಆ ಬೆನ್ನುನೋವು ಇದೆ. ದಯವಿಟ್ಟು ಕ್ಯಾಮೆರಾ ಹಿಡಿದು ಅವರ ಮುಖದ ಮುಂದೆ ಹೋಗಬೇಡಿ. ಮಾತಾಡಿಸಿ, ಬೇಕಿದ್ದರೆ ಕೊಂಡುಕೊಳ್ಳಿ.

ಅಲ್ಲಿಂದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನದಿ ಬಾಯಿಯ ಉದ್ದಕ್ಕೂ, ನಡುಗಡ್ಡೆಗಳ ಸುತ್ತ ಈ ಗಿಡಗಳಿವೆ. ಉಪ್ಪುನೀರು, ಸಿಹಿನೀರು ಕಲೆಯುವಲ್ಲಿ ಬೆಳೆಯುತ್ತವೆ. ಮೀನು, ಸಿಗಡಿ ಮರಿಗಳು ದೊಡ್ಡದಾಗುವುದು ಇದರ ಬೇರಿನ ಸಂದಿಯಲ್ಲಿ. ದಂಡೆ ಕೊಚ್ಚಿ ಹೋಗದಂತೆ ಹಿಡಿದಿರುವುದೂ ಇವೇ. ಅರಣ್ಯ ಇಲಾಖೆ ಇದರ ನಡುವೆ ನಡೆದು ಹೋಗಲು ಕಾಲುದಾರಿ ಮಾಡಿದೆ. ಕಡಲತೀರದಲ್ಲಿ ವಾಟರ್ ಸ್ಪೋರ್ಟ್ಸ್ ಇಲ್ಲ ಅಂತ ಬೇಸರ ಮಾಡಿಕೊಳ್ಳುವ ಮಕ್ಕಳು ಇಲ್ಲಿ ಏಡಿ ಹುಡುಕುತ್ತಾ ಗಂಟೆಗಟ್ಟಲೆ ಇರುವುದನ್ನು ನೋಡಿದ್ದೇನೆ.

ಸಂಜೆ ಸದಾಶಿವಗಡದ ಗುಡ್ಡ ಹತ್ತಿ. ಸೋಂದೆ ಅರಸರ ಕಾಲದ ಕೋಟೆ ಅದು. ಕೋಟೆ ಜಾಸ್ತಿ ಉಳಿದಿಲ್ಲ, ಹೆದ್ದಾರಿ ಆ ಗುಡ್ಡವನ್ನೇ ಕಡಿದುಕೊಂಡು ಹೋಗಿದೆ. ಆದರೆ ಮೇಲೆ ನಿಂತರೆ ನದಿ, ಸೇತುವೆ, ಕಡಲು, ಕೂರ್ಮಗಡ ದ್ವೀಪ, ದೂರದಲ್ಲಿ ದೇವಗಡದ ದೀಪಸ್ತಂಭ, ಹಿಂದೆ ಘಟ್ಟ, ಎಲ್ಲವೂ ಒಟ್ಟಿಗೆ ಕಾಣುತ್ತವೆ. ಕಾರವಾರಕ್ಕೆ ಕರ್ನಾಟಕದ ಕಾಶ್ಮೀರ ಅಂತ ಯಾಕೆ ಹೆಸರಿಡಬೇಕಿತ್ತೋ ನನಗೆ ಅರ್ಥವಾಗಿಲ್ಲ. ಅದಕ್ಕೆ ಬೇರೆ ಊರಿನ ಹೆಸರು ಬೇಡ.

ಇನ್ನೊಂದು ದಿನ ಇದ್ದರೆ ಕದ್ರಾ ಕಡೆ ಹೋಗಿ. ನದಿಯ ಪಕ್ಕದಲ್ಲೇ ರಸ್ತೆ. ಆ ದಾರಿಯಲ್ಲಿ ಚೆಂದದ ಜೊತೆಗೆ ನೋವೂ ಇದೆ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಒಂದಾದ ಮೇಲೊಂದು ಅಣೆಕಟ್ಟು. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದರ ನೀರಲ್ಲಿ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿನ ಜನ ರಾಮನಗರದಂಥ ಕಡೆ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಕೆಳಗೆ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳು. ಅದರ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತು. ನಮ್ಮೆಲ್ಲರ ಮನೆಯ ದೀಪಕ್ಕೆ ಈ ನದಿ ಕೊಟ್ಟಿರುವುದು ಕಡಿಮೆಯಲ್ಲ. ಆದರೆ 2019ರ ಆಗಸ್ಟಿನಲ್ಲಿ ಕದ್ರಾದ ಗೇಟು ತೆಗೆದಾಗ ಕೆಳಗಿನ ಊರುಗಳ ಮನೆಯೊಳಗೆ ನೀರು ನುಗ್ಗಿತು. ವಿದ್ಯುತ್ತಿನ ಲೆಕ್ಕ ಹೇಳುವಾಗ ಆ ಮನೆಗಳನ್ನೂ ನೆನೆಸಿಕೊಳ್ಳಬೇಕು.

ಈಗ ಪ್ರವಾಸಿಗರ ದೂರುಗಳಿಗೆ ಬರುತ್ತೇನೆ. "ಅಂಕೋಲಾದಿಂದ ಬರುವಾಗ ಕಡಲು ಕಾಣೋದೇ ಇಲ್ಲ, ಬರೀ ಕಾಂಪೌಂಡ್ ಗೋಡೆ" ಅನ್ನುವುದು ಒಂದು. ಆ ಗೋಡೆ ನೌಕಾನೆಲೆಯದು. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ದೇಶಕ್ಕೆ ಅದು ಬೇಕು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಾಗಿ ಅರ್ಗಾ, ಬಿಣಗಾ, ಹಾರವಾಡದ ಕಡೆಯ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದು ಹೋದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಸುತ್ತಿದವರಿದ್ದಾರೆ. ಪ್ರವಾಸಿಗೆ ಆ ಗೋಡೆಯಿಂದ ಒಂದು ನೋಟ ತಪ್ಪಿತು. ಅವರಿಗೆ ತಪ್ಪಿದ್ದು ಊರೇ ಅಲ್ವಾ?

ಹಾಗಾಗಿ ಪೇಟೆ ಪಕ್ಕದ ಈ ಟ್ಯಾಗೋರ್ ಕಡಲತೀರ ಅಲ್ಲಿನ ಮೀನುಗಾರರಿಗೆ ಅಷ್ಟು ಮುಖ್ಯ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಅವರು ಬೀದಿಗಿಳಿದಾಗ ಹೊರಗಿನ ಕೆಲವರು "ಅಭಿವೃದ್ಧಿಗೆ ಅಡ್ಡಿ" ಅಂದರು. ದಂಡೆ ಒಂದಾದ ಮೇಲೊಂದು ಕೈಬಿಟ್ಟು ಹೋದವರು ಉಳಿದ ಒಂದನ್ನು ಹಿಡಿದುಕೊಳ್ಳುವುದು ತಪ್ಪೇ? ಆ ಬೀಚಿನಲ್ಲಿ ರಂಪಣಿ ಬಲೆ, ದೋಣಿ ಕಂಡರೆ ಅದು ನಿಮ್ಮ ಫೋಟೊಗೆ ಅಡ್ಡ ಬಂದ ಸಾಮಾನಲ್ಲ. ಆ ಜಾಗ ಮೊದಲು ಅವರದ್ದು.

ಅದೇ ಬೀಚಿನಲ್ಲಿ, ಚಾಪೆಲ್ ನೌಕೆಯ ಹತ್ತಿರವೇ, ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು ರಜೌರಿ ಕಡೆಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಎರಡು ನಿಮಿಷ ಅಲ್ಲೂ ನಿಲ್ಲಿ.

"ಎಲ್ಲರೂ ಕೊಂಕಣಿ ಮಾತಾಡ್ತಾರೆ, ಇದು ಕರ್ನಾಟಕನಾ?" ಅನ್ನುವುದು ಇನ್ನೊಂದು ದೂರು. ಹೌದು, ಕರ್ನಾಟಕವೇ. ಮೀನು ಮಾರುವ ಅಕ್ಕ ಗಿರಾಕಿ ನೋಡಿ ಕೊಂಕಣಿ, ಕನ್ನಡ, ಮರಾಠಿ, ಹಿಂದಿ ಮಾತಾಡುತ್ತಾರೆ. ಅಂಥ ಊರು ನಮ್ಮ ರಾಜ್ಯದಲ್ಲಿರುವುದು ನಮ್ಮ ಪುಣ್ಯ. "ಅಕ್ಕಾ, ಬಂಗಡೆ ಹೇಗೆ?" ಅಂತ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ.

ಊಟದ ಬಗ್ಗೆ ಬೇಸರ ಪಡುವವರು ಸಾಮಾನ್ಯವಾಗಿ ಜೂನ್, ಜುಲೈನಲ್ಲಿ ಹೋಗಿರುತ್ತಾರೆ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ಆಗ ತಾಜಾ ಇಸ್ವಾಣ ಮೀನು ಸಿಗಲಿಲ್ಲ ಅಂತ ಹೋಟೆಲಿನವರನ್ನು ಬೈದರೆ ಏನು ಪ್ರಯೋಜನ? ಆಗ ಒಣಮೀನಿನ ಸಾರು, ಕುಚಲಕ್ಕಿ ಗಂಜಿ ಕೇಳಿ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋದರೆ ಬಂಗಡೆ, ತಾರ್ಲೆ, ಸಿಗಡಿ, ನೊಗ್ಲಿ ಎಲ್ಲ ಸಿಗುತ್ತದೆ. ಕಾಯಿ ಅರೆದು ತೆಪ್ಪಲ ಹಾಕಿದ ಬಂಗಡೆ ಗಸಿ, ಕೊನೆಗೆ ಮುರುಗಲ ಸೋಲ್‌ಕಡಿ. ಭಾನುವಾರವಾದರೆ ಸಂತೆ ತಪ್ಪಿಸಬೇಡಿ. ಸುತ್ತಲ ಹಳ್ಳಿಗಳಿಂದ ಹಾಲಕ್ಕಿ ಹೆಂಗಸರು ತಮ್ಮ ಹಿತ್ತಲ ತರಕಾರಿ ತಂದಿರುತ್ತಾರೆ. ಬೇಸಿಗೆಯಲ್ಲಿ ಹೋದರೆ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಂಕೋಲಾದಲ್ಲಿ ಕರಿ ಇಶಾಡ ಮಾವು. ಈ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳು, ಬೇಗ ಹಾಳಾಗುತ್ತದೆ. ಬೆಂಗಳೂರಿನ ಅಂಗಡಿಗೆ ಬರುವುದು ಕಷ್ಟ, ಅಲ್ಲೇ ಹೋಗಿ ತಿನ್ನಬೇಕು.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು ಹೇಳಲೇಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಕ್ಕೆ ಬಿತ್ತು. ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೇ ಸೇತುವೆ ಮುರಿದು ಬಿತ್ತು. ಒಂದು ಲಾರಿ ನದಿಗೆ ಬಿದ್ದರೂ ಚಾಲಕ ಬದುಕಿದ. ಪುಣ್ಯಕ್ಕೆ ಅದು ಹಗಲಾಗಿರಲಿಲ್ಲ. ನಾಲ್ಕು ದಶಕ ಊರನ್ನು ಹೊತ್ತ ಸೇತುವೆ. ಆ ನದಿಯನ್ನು ನಮ್ಮಂಥವರು ವರ್ಷಕ್ಕೊಮ್ಮೆ ದಾಟುತ್ತೇವೆ. ಸದಾಶಿವಗಡದ ಮಕ್ಕಳು ಕಾಲೇಜಿಗೆ ದಿನಾ ದಾಟುತ್ತಾರೆ. ಗುಡ್ಡ ಕಡಿದು ರಸ್ತೆ ಮಾಡುವ ರೀತಿಯ ಬಗ್ಗೆ ಪ್ರವಾಸಿಗರೂ ದನಿ ಎತ್ತಬೇಕು. ರಸ್ತೆ ಬಳಸುವವರು ನಾವೂ ಅಲ್ವಾ?

ದೋಣಿಯ ವಿಚಾರದಲ್ಲಂತೂ ಹಟ ಹಿಡಿಯಿರಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದರಲ್ಲಿ ಮಕ್ಕಳೂ ಇದ್ದರು. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದಿದ್ದರೆ, ಜನ ಜಾಸ್ತಿ ಅನ್ನಿಸಿದರೆ ಹತ್ತಬೇಡಿ. ಮುಂದಿನ ದೋಣಿಗೆ ಕಾಯಿರಿ. ಹೊತ್ತು ಹೋದರೆ ಹೋಗಲಿ.

ಪ್ರವಾಸೋದ್ಯಮ ಇಲಾಖೆಗೆ ನನ್ನದೊಂದು ಬೇಡಿಕೆ. ಕಡಲತೀರದಲ್ಲಿ ಇನ್ನಷ್ಟು ಕಾಂಕ್ರೀಟ್ ಹಾಕುವ ಬದಲು ಕೋಡಿಬಾಗದಿಂದ ಕಡವಾಡದವರೆಗೆ ನದಿಯಲ್ಲಿ ದಿನಾ ಎರಡು ಹೊತ್ತು ದೋಣಿ ಬಿಡಿ. ದರ ನಿಗದಿ ಮಾಡಿ, ಬೋರ್ಡಿನಲ್ಲಿ ಬರೆದು ಹಾಕಿ. ಎಲ್ಲರಿಗೂ ಜಾಕೆಟ್ ಕೊಡಿ, ದೋಣಿಗೆ ವಿಮೆ ಮಾಡಿಸಿ. ನಡೆಸುವ ಕೆಲಸ ಅಲ್ಲಿನ ಮೀನುಗಾರರ ಸಹಕಾರ ಸಂಘಗಳಿಗೇ ಕೊಡಿ. ನದಿಯ ಸುಳಿ, ಮರಳು ದಿಬ್ಬ, ಉಬ್ಬರ ಇಳಿತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಮೀನುಗಾರಿಕೆ ಇಲ್ಲದ ದಿನಗಳಲ್ಲಿ ಅವರ ಮನೆಗೂ ನಾಲ್ಕು ಕಾಸು ಬರುತ್ತದೆ. ಕಾರವಾರದ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ ಜಿಲ್ಲಾಧಿಕಾರಿಗೆ ಒಂದು ಮನವಿ ಬರೆಯೋಣ, ನಾನೂ ಸಹಿ ಹಾಕುತ್ತೇನೆ. ಈ ಚಳಿಗಾಲ ಹೋಗುವವರಿದ್ದರೆ ಕೆಳಗೆ ಕೇಳಿ, ಉಳಿಯುವ ಜಾಗ, ಸಂತೆಯ ಹೊತ್ತು, ಕಡವಾಡದ ದಾರಿ, ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.